ಮಾಸ್ಕಿನಲ್ಲಿದ್ದರೆ ಸಾಲದು, ಆಕ್ಸಿಜನ್ ಗಾಯದ ತನಕ ತಲುಪಬೇಕು

ಆಸ್ಪತ್ರೆಗಳಲ್ಲಿ ಸೋಂಕು ತಡೆಯುವ ನಿಯಮ ಬರೆಯುವ ಸಮಿತಿಗಳ ಸದಸ್ಯರಿಗೆ, ಸರ್ಜನ್‌ಗಳಿಗೆ, ಅರಿವಳಿಕೆ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಸರ್ಜರಿ ವಾರ್ಡಿನ ನರ್ಸ್. ದಿನಾ ಬೆಳಿಗ್ಗೆ ಡ್ರೆಸ್ಸಿಂಗ್ ಟ್ರಾಲಿ ತಳ್ಳಿಕೊಂಡು ಒಂದೊಂದೇ ಹಾಸಿಗೆಯ ಹತ್ತಿರ ಹೋಗುವುದು ನನ್ನ ಕೆಲಸ. ನೀವು ಹೊಲಿದು ಮುಚ್ಚಿದ ಗಾಯವನ್ನು ಮೊದಲು ಬಿಚ್ಚಿ ನೋಡುವವರು ನನ್ನಂಥವರು. ಆ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ದೊಡ್ಡ ಕರುಳಿನ ಆಪರೇಷನ್ ಆಗಿ ಆರನೇ ದಿನ. ಹಿಂದಿನ ರಾತ್ರಿ ಸಣ್ಣಗೆ ಜ್ವರ ಬಂದಿತ್ತು. ಬ್ಯಾಂಡೇಜ್ ಬಿಚ್ಚಿದೆ. ಹೊಕ್ಕುಳಿನ ಕೆಳಗೆ ಹೊಲಿಗೆಯ ಅಂಚು ಕೆಂಪಾಗಿ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಡಾಕ್ಟರ್ ಬಂದು ಎರಡು ಹೊಲಿಗೆ ತೆಗೆದರು. ಮೆಲ್ಲಗೆ ಒತ್ತಿದ ಕೂಡಲೇ ಕೀವು ಬಂತು. ಸಲೈನಿನಲ್ಲಿ ತೊಳೆದು, ಒದ್ದೆ ಗಾಜ್ ಬಟ್ಟೆ ತುಂಬಿ, ಮೇಲೆ ಒಣ ಪ್ಯಾಡ್ ಇಟ್ಟೆ. ಆಕೆ ಹಲ್ಲು ಕಚ್ಚಿಕೊಂಡು ತಡೆದುಕೊಂಡರು. ಮುಗಿದ ಮೇಲೆ ನನ್ನ ಕೈ ಹಿಡಿದು ಕೇಳಿದರು: "ನನ್ನಿಂದ ಏನಾದ್ರೂ ತಪ್ಪಾಯ್ತಾ ಸಿಸ್ಟರ್?"

ಇಲ್ಲ ಎಂದೆ. ಆಮೇಲೆ ಮೇಜಿನ ಹತ್ತಿರ ಹೋಗಿ ಆಕೆಯ ಫೈಲ್ ತೆರೆದೆ. ಸೋಂಕು ತಡೆಯ ಹಾಳೆಯಲ್ಲಿ 'ಆಪರೇಷನ್ ಪೂರ್ತಿ ಶೇ 80 ಆಕ್ಸಿಜನ್' ಎಂಬ ಸಾಲಿನ ಮುಂದೆ ದಪ್ಪಗೆ ಟಿಕ್ ಇತ್ತು. ಅದರ ಕೆಳಗೆ ಮೈ ಉಷ್ಣತೆಯ ಕಾಲಂ. ಖಾಲಿ. ಆಂಟಿಬಯಾಟಿಕ್ ಕೊಟ್ಟ ಸಮಯದ ಜಾಗದಲ್ಲಿ 'ಕೊಟ್ಟಿದೆ' ಎಂದಷ್ಟೇ ಬರೆದಿತ್ತು. ಎಷ್ಟು ಗಂಟೆಗೆ ಎಂದು ಇಲ್ಲ. ಆಪರೇಷನ್ ದಿನ ಆಕೆಯನ್ನು ವಾರ್ಡಿಗೆ ಕರೆತಂದಾಗ ಹಾಸಿಗೆಗೆ ಎತ್ತಿ ಹಾಕಿದವರಲ್ಲಿ ನಾನೂ ಇದ್ದೆ. ಕೈಕಾಲು ಮಂಜುಗಡ್ಡೆಯ ಹಾಗೆ ತಣ್ಣಗಿದ್ದವು. ಆಕೆ ಗಡಗಡ ನಡುಗುತ್ತಿದ್ದರು.

ಒಬ್ಬರ ಗಾಯ ಯಾಕೆ ಕೀವಾಯಿತು ಎಂದು ಒಂದು ಹಾಳೆ ನೋಡಿ ಹೇಳಲು ಆಗುವುದಿಲ್ಲ. ಅಷ್ಟು ನನಗೆ ಗೊತ್ತು. ಆದರೆ ಆ ಹಾಳೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಒಂದು ಸಾಲಿಗೆ ಅಷ್ಟು ದಪ್ಪ ಟಿಕ್, ಮಿಕ್ಕಿದ್ದು ಖಾಲಿ. ಈ ಆಕ್ಸಿಜನ್ ವಿಷಯ ಎಲ್ಲಿಂದ ಬಂತು, ಎಷ್ಟು ಗಟ್ಟಿ ಎಂದು ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಆಕ್ಸಿಜನ್ ಜಾಸ್ತಿ ಕೊಟ್ಟರೆ ಗಾಯಕ್ಕೆ ಒಳ್ಳೆಯದು ಎಂಬ ಯೋಚನೆ ಬುಡವಿಲ್ಲದ್ದಲ್ಲ. ಆಪರೇಷನ್ ಎಷ್ಟೇ ಶುದ್ಧವಾಗಿ ಮಾಡಿದರೂ ಸ್ವಲ್ಪವಾದರೂ ಬ್ಯಾಕ್ಟೀರಿಯಾ ಗಾಯದೊಳಗೆ ಬಿದ್ದೇ ಬೀಳುತ್ತವೆ. ಕರುಳು ಕೊಯ್ದಾಗಲಂತೂ ಕೇಳುವುದೇ ಬೇಡ. ಅವುಗಳ ಮೇಲೆ ಮೊದಲು ಬೀಳುವುದು ನಮ್ಮ ರಕ್ತದ ಬಿಳಿ ಕಣಗಳು, ಅದರಲ್ಲೂ ನ್ಯೂಟ್ರೋಫಿಲ್‌ಗಳು. ಅವು ಬ್ಯಾಕ್ಟೀರಿಯಾವನ್ನು ನುಂಗಿ, ಆಕ್ಸಿಜನ್‌ನಿಂದಲೇ ಸೂಪರ್‌ಆಕ್ಸೈಡ್ ಎಂಬ ಖಾರವಾದ ವಸ್ತು ತಯಾರಿಸಿ, ಒಳಗೇ ಸುಟ್ಟು ಹಾಕುತ್ತವೆ. ಸುತ್ತ ಆಕ್ಸಿಜನ್ ಕಡಿಮೆ ಇದ್ದರೆ ನುಂಗಬಲ್ಲವು, ಕೊಲ್ಲುವ ಶಕ್ತಿ ಮಾತ್ರ ಕುಗ್ಗುತ್ತದೆ. ಗಾಯ ಕೂಡಿಸುವ ಕೊಲ್ಯಾಜನ್ ಗಟ್ಟಿಯಾಗುವುದಕ್ಕೂ ಆಕ್ಸಿಜನ್ ಬೇಕು. ಕೊಲ್ಯಾಜನ್ ಕೆಲಸ ದಿನಗಟ್ಟಲೆ ನಡೆಯುತ್ತದೆ, ಆದರೆ ಬ್ಯಾಕ್ಟೀರಿಯಾ ಜೊತೆಗಿನ ಹೋರಾಟ ಮುಖ್ಯವಾಗಿ ನಡೆಯುವುದು ಕೊಯ್ದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ. ಕೀವು ನನಗೆ ಕಾಣುವುದು ಆರನೇ ದಿನ. ಆದರೆ ಸೋಲು ಗೆಲುವು ತೀರ್ಮಾನ ಆಗುವುದು ಥಿಯೇಟರಿನಲ್ಲೇ, ಇಲ್ಲವೇ ಅಲ್ಲಿಂದ ಹೊರಬಂದ ಸ್ವಲ್ಪ ಹೊತ್ತಿನಲ್ಲೇ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2000ದಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ದೊಡ್ಡ ಕರುಳಿನ ಆಪರೇಷನ್ ಆದ 500 ಜನ. ಅರ್ಧ ಜನರಿಗೆ ಆಪರೇಷನ್ ನಡೆಯುವಾಗ ಮತ್ತು ಆಮೇಲೆ ಎರಡು ಗಂಟೆ ಶೇ 30 ಆಕ್ಸಿಜನ್, ಉಳಿದರ್ಧ ಜನರಿಗೆ ಶೇ 80. ನಾವು ಉಸಿರಾಡುವ ಗಾಳಿಯಲ್ಲಿ ಇರುವುದು ಶೇ 21. ಸೋಂಕು ಶೇ 30ರ ಗುಂಪಿನಲ್ಲಿ ನೂರಕ್ಕೆ 11 ಜನರಿಗೆ, ಶೇ 80ರ ಗುಂಪಿನಲ್ಲಿ 5 ಜನರಿಗೆ. ಅರ್ಧಕ್ಕಿಂತ ಕಡಿಮೆ! ಮೆಷಿನ್ನಿನ ಒಂದು ಗುಂಡಿ ತಿರುಗಿಸಿದರೆ ಸಾಕು ಅಂದರೆ ಯಾರಿಗೆ ಬೇಡ? ಅದನ್ನು ಓದಿದಾಗ ನನಗೂ ಖುಷಿಯಾಗಿತ್ತು. 2005ರಲ್ಲಿ ಸ್ಪೇನಿನಿಂದ ಬಂದ ಅಧ್ಯಯನವೂ ಶೇ 80ರ ಪರವಾಗಿಯೇ ಇತ್ತು.

ಆದರೆ ಆ ಎರಡರ ನಡುವೆ, 2004ರಲ್ಲಿ, ಅಮೆರಿಕದಲ್ಲಿ 160 ಜನರ ಮೇಲೆ ನಡೆದ ಅಧ್ಯಯನದಲ್ಲಿ ಫಲ ಉಲ್ಟಾ ಬಂತು. ಶೇ 80 ಆಕ್ಸಿಜನ್ ಪಡೆದವರಲ್ಲಿ ಸೋಂಕು ನೂರಕ್ಕೆ 25, ಕಡಿಮೆ ಪಡೆದವರಲ್ಲಿ 11. 2009ರಲ್ಲಿ ಡೆನ್ಮಾರ್ಕಿನ 14 ಆಸ್ಪತ್ರೆಗಳಲ್ಲಿ ಸುಮಾರು 1,400 ಜನರನ್ನು ನೋಡಿದರು. ಶೇ 80ರ ಗುಂಪಿನಲ್ಲಿ ಸೋಂಕು ನೂರಕ್ಕೆ 19, ಇನ್ನೊಂದು ಗುಂಪಿನಲ್ಲಿ 20. ವ್ಯತ್ಯಾಸವೇ ಇಲ್ಲ. 2018ರಲ್ಲಿ ಅಮೆರಿಕದಿಂದ 5,700ಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕ ಬಂತು. ಅಲ್ಲೂ ಸೋಂಕು, ಗಾಯದ ಇತರ ತೊಂದರೆ, ಸಾವು ಎಲ್ಲ ಸೇರಿಸಿ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 11. ಇದರ ಮುಂದಾಳುಗಳಲ್ಲಿ 2000ದ ಅಧ್ಯಯನ ಮಾಡಿದವರೂ ಇದ್ದರು ಎಂಬುದು ನನಗೆ ಬಹಳ ದೊಡ್ಡ ವಿಷಯ ಅನ್ನಿಸಿತು. ತಾವೇ ಮೊದಲು ಕಂಡದ್ದನ್ನು ಹತ್ತು ಪಟ್ಟು ಜಾಸ್ತಿ ಜನರ ಮೇಲೆ ಮತ್ತೆ ನೋಡಿದರು. ಕಾಣಲಿಲ್ಲ. ಕಾಣಲಿಲ್ಲ ಎಂದು ಬರೆದರು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, ಪೂರ್ತಿ ಅರಿವಳಿಕೆ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕಿದ ದೊಡ್ಡವರಿಗೆಲ್ಲ ಶೇ 80 ಆಕ್ಸಿಜನ್ ಕೊಡಿ, ಸಾಧ್ಯವಾದರೆ ಆಮೇಲೂ 2ರಿಂದ 6 ಗಂಟೆ ಮುಂದುವರಿಸಿ ಎಂದು ಬಲವಾಗಿಯೇ ಹೇಳಿತ್ತು. ಅರಿವಳಿಕೆ ಡಾಕ್ಟರುಗಳು ಅನೇಕರು ಒಪ್ಪಲಿಲ್ಲ. ಸಂಸ್ಥೆ ಎಲ್ಲವನ್ನೂ ಮತ್ತೆ ತೂಗಿ ನೋಡಿ, 2018ರಲ್ಲಿ ಆ 'ಬಲವಾದ' ಶಿಫಾರಸನ್ನು 'ಷರತ್ತಿನ' ಶಿಫಾರಸು ಎಂದು ಇಳಿಸಿತು. ಅಂದರೆ, ಸಂದರ್ಭ ನೋಡಿ, ರೋಗಿಯನ್ನು ನೋಡಿ ತೀರ್ಮಾನಿಸಿ ಎಂದು. 2019ರಲ್ಲಿ ಇನ್ನೊಂದು ವಿಷಯ ಹೊರಬಂತು. ಶೇ 80ರ ಪರವಾಗಿ ಒಂದೇ ತಂಡದಿಂದ ಬಂದಿದ್ದ ಹಲವು ಅಧ್ಯಯನಗಳ ಅಂಕಿಗಳು ನಂಬುವ ಹಾಗಿಲ್ಲ ಎಂದು ಪರಿಶೀಲಿಸಿದವರು ಬರೆದರು. ಹಳೆಯ ಹಾಳೆಯ ಮೇಲಿನ ಟಿಕ್ ಮಾತ್ರ ಅಲ್ಲಾಡದೆ ಹಾಗೇ ಉಳಿದಿದೆ.

ಶೇ 80 ಕೊಡಲೇಬೇಡಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಯಾರಿಗೆ ಎಷ್ಟು ಬೇಕು ಎಂಬುದು ಅರಿವಳಿಕೆ ಡಾಕ್ಟರುಗಳ ಕೆಲಸ, ಅವರಿಗೇ ಬಿಡೋಣ. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಶೇ 100 ಕೊಟ್ಟಾದರೂ ಜೀವ ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಗುಂಡಿ ತಿರುಗಿಸಿ ಟಿಕ್ ಹಾಕಿದ ಕೂಡಲೇ ಗಾಯದ ಕೆಲಸ ಮುಗಿಯಿತು ಎಂದು ನಾವೆಲ್ಲ ನಿರಾಳವಾಗುವುದರ ಬಗ್ಗೆ.

ಆಕ್ಸಿಜನ್ ಅಂದರೆ ಸುಮ್ನೆ ಗಾಳಿ, ಜಾಸ್ತಿಯಾದರೆ ಏನು ಕೆಡುತ್ತದೆ ಎಂಬ ಮಾತೂ ಸರಿಯಲ್ಲ. ಅದೂ ಒಂದು ಔಷಧಿ. ಗಾಳಿಯಲ್ಲಿರುವ ನೈಟ್ರೋಜನ್ ರಕ್ತಕ್ಕೆ ಬೇಗ ಹೋಗದೆ ಶ್ವಾಸಕೋಶದ ಸಣ್ಣ ಸಣ್ಣ ಗೂಡುಗಳನ್ನು ತೆರೆದಿಟ್ಟಿರುತ್ತದೆ. ಬರೀ ಆಕ್ಸಿಜನ್ ತುಂಬಿದರೆ ರಕ್ತ ಅದನ್ನು ಬೇಗ ಹೀರಿಕೊಂಡು ಆ ಗೂಡುಗಳು ಕುಸಿಯಬಹುದು. ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧಿ ತೆಗೆದುಕೊಂಡವರಿಗೆ ಹೆಚ್ಚಿನ ಆಕ್ಸಿಜನ್‌ನಿಂದ ಶ್ವಾಸಕೋಶಕ್ಕೆ ಹಾನಿಯಾಗುವ ಭಯ ಇದೆ. ಮುಖ, ಕುತ್ತಿಗೆಯ ಆಪರೇಷನ್‌ನಲ್ಲಿ ಮಾಸ್ಕಿನಿಂದ ಸೋರಿದ ಆಕ್ಸಿಜನ್ ಹೊದಿಕೆಯ ಕೆಳಗೆ ಸೇರಿಕೊಂಡು, ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಇನ್ನೂ ಒಣಗದೆ ಇದ್ದು, ಕಾಟರಿಯ (ರಕ್ತ ನಿಲ್ಲಿಸಲು ಸುಡುವ ವಿದ್ಯುತ್ ಉಪಕರಣ) ಕಿಡಿ ತಾಗಿದರೆ ಬೆಂಕಿಯೇ ಹತ್ತಿಕೊಳ್ಳುತ್ತದೆ. ಡೆನ್ಮಾರ್ಕಿನ ಆ ರೋಗಿಗಳನ್ನು ಕೆಲವು ವರ್ಷ ಬಿಟ್ಟು ನೋಡಿದಾಗ ಶೇ 80 ಪಡೆದವರಲ್ಲಿ, ಅದರಲ್ಲೂ ಕ್ಯಾನ್ಸರ್ ಆಪರೇಷನ್ ಆದವರಲ್ಲಿ, ಸತ್ತವರು ಸ್ವಲ್ಪ ಜಾಸ್ತಿ ಇದ್ದರು. ಬೇರೆ ಕಡೆ ಅದು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ, ಹಾಗಾಗಿ ಅದನ್ನೇ ಹಿಡಿದು ಹೆದರಿಸಲಾರೆ. ಆದರೆ ಕಣ್ಣು ಮುಚ್ಚಿಕೊಂಡು ಎಲ್ಲರಿಗೂ ಒಂದೇ ಅಳತೆ ಬೇಡ ಅನ್ನುವುದಕ್ಕೆ ಇಷ್ಟು ಸಾಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೆಷಿನ್ನಿನ ಮೇಲೆ ಕಾಣುವ 80 ಎಂಬ ಅಂಕಿ ಮಾಸ್ಕಿನದು, ಟ್ಯೂಬಿನದು. ಗಾಯದ್ದಲ್ಲ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ 99 ತೋರಿಸಿದರೂ ಅದು ರಕ್ತದ ಲೆಕ್ಕ. ಶೇ 30 ಕೊಟ್ಟರೂ ಆರೋಗ್ಯವಂತರಲ್ಲಿ ಅದು 99 ತೋರಿಸುತ್ತದೆ, ಶೇ 80 ಕೊಟ್ಟರೂ 99. ಮಾಸ್ಕಿನಿಂದ ಗಾಯದ ಅಂಚಿಗೆ ಬಹಳ ದೂರದ ದಾರಿ. ಶ್ವಾಸಕೋಶ ದಾಟಬೇಕು, ರಕ್ತಕ್ಕೆ ಸೇರಬೇಕು, ಹೃದಯ ಅದನ್ನು ತಳ್ಳಬೇಕು, ಕೊನೆಗೆ ಚರ್ಮದ ಕೆಳಗಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ತೆರೆದಿರಬೇಕು. ಕೊನೆಯ ಗೇಟು ಮುಚ್ಚಿದ್ದರೆ ಮೊದಲ ಗೇಟಿನಲ್ಲಿ ಎಷ್ಟು ಸುರಿದರೇನು?

ಆ ಕೊನೆಯ ಗೇಟನ್ನು ಮುಚ್ಚುವುದರಲ್ಲಿ ಚಳಿಗಿಂತ ದೊಡ್ಡದಿಲ್ಲ. ಅರಿವಳಿಕೆ ಕೊಟ್ಟ ಮೊದಲ ಒಂದು ಗಂಟೆಯಲ್ಲೇ ಮೈಯ ಒಳಗಿನ ಶಾಖ ಕೈಕಾಲಿಗೆ ಹರಿದು, ಒಳ ಉಷ್ಣತೆ 1ರಿಂದ 1.5 ಡಿಗ್ರಿ ಇಳಿಯುತ್ತದೆ. ಮೇಲೆ ತಣ್ಣನೆಯ ಥಿಯೇಟರ್. ಹೊಟ್ಟೆ ತೆರೆದಿರುತ್ತದೆ. ನರಕ್ಕೆ ಹಾಕಿದ ಡ್ರಿಪ್ಪಿನ ಫ್ಲೂಯಿಡ್ ತಣ್ಣಗೇ ಹೋಗುತ್ತಿರುತ್ತದೆ. ಇನ್ನೂ ಇಳಿದಾಗ ಮೈ ತನ್ನ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಗಾಯದ ಅಂಚಿಗೆ ಬರುವುದು ಕಡಿಮೆಯಾಗುತ್ತದೆ. ರಕ್ತ ಇಲ್ಲದಿದ್ದ ಮೇಲೆ ಆಕ್ಸಿಜನ್ ಎಲ್ಲಿಂದ? ಆಂಟಿಬಯಾಟಿಕ್ ಎಲ್ಲಿಂದ? ಬಿಳಿ ಕಣಗಳಾದರೂ ಹೇಗೆ ಬರಬೇಕು?

1996ರಲ್ಲಿ ದೊಡ್ಡ ಕರುಳಿನ ಆಪರೇಷನ್ ಆದ 200 ಜನರ ಮೇಲೆ ಇದನ್ನು ನೋಡಿದರು. ಬೆಚ್ಚಗೆ ಇಟ್ಟವರ ಉಷ್ಣತೆ ಸರಾಸರಿ 36.6 ಡಿಗ್ರಿ, ಇಡದವರದ್ದು 34.7. ಬೆಚ್ಚಗಿದ್ದವರಲ್ಲಿ ನೂರಕ್ಕೆ 6 ಜನರಿಗೆ ಗಾಯದ ಸೋಂಕು, ತಣ್ಣಗಾದವರಲ್ಲಿ 19. ಎರಡು ಡಿಗ್ರಿಗೆ ಮೂರು ಪಟ್ಟು. ಇಲ್ಲೂ ನ್ಯಾಯವಾಗಿ ಪೂರ್ತಿ ಹೇಳಬೇಕು. 2022ರಲ್ಲಿ 5,000ಕ್ಕೂ ಹೆಚ್ಚು ಜನರ ಅಧ್ಯಯನ ಬಂತು, ಹೆಚ್ಚಿನವರು ಚೀನಾದವರು. 35.5 ಡಿಗ್ರಿಯಲ್ಲಿ ಇಟ್ಟವರಿಗೂ 37ಕ್ಕೆ ಏರಿಸಿದವರಿಗೂ ಸೋಂಕಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ 37 ಆಗಲೇಬೇಕೆಂದು ಹಟ ಹಿಡಿಯಬೇಕಿಲ್ಲ. ಆದರೆ 35.5ಕ್ಕಿಂತ ಕೆಳಗೆ ಬಿಡಬೇಡಿ. ಬಿಟ್ಟೆವೋ ಇಲ್ಲವೋ ಎಂದು ತಿಳಿಯಲು ಮೊದಲು ಅಳೆಯಬೇಕು ಅಲ್ವಾ? ನನ್ನ ಕೈಗೆ ಸಿಕ್ಕಿದ ಆ ಹಾಳೆಯಲ್ಲಿ ಅಂಕಿಯೇ ಇರಲಿಲ್ಲ.

ಬಿಸಿ ಗಾಳಿಯ ಹೊದಿಕೆಯನ್ನು ರೋಗಿ ನಡುಗಲು ಶುರು ಮಾಡಿದ ಮೇಲೆ ಹೊದೆಸುವುದಲ್ಲ, ಅರಿವಳಿಕೆಗೆ ಮೊದಲೇ ಸ್ವಲ್ಪ ಹೊತ್ತು ಹೊದೆಸಿ. ಆಗ ಮೊದಲ ಗಂಟೆಯ ಆ ಇಳಿತವೇ ಕಡಿಮೆಯಾಗುತ್ತದೆ. ಥಿಯೇಟರಿನ ಹೊರಗೆ ತೆಳ್ಳನೆಯ ಗೌನಿನಲ್ಲಿ ಗಂಟೆಗಟ್ಟಲೆ ಕಾಯುವವರನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಅವರ ಗಾಯದ ಕಷ್ಟ ಆ ಸ್ಟ್ರೆಚರಿನ ಮೇಲೇ ಶುರುವಾಗಿರುತ್ತದೆ.

ನೋವೂ ಹಾಗೆಯೇ. ಆಪರೇಷನ್ ಆದ ಮೇಲೆ ನೋವು ತಡೆಯಲಾರದೆ ಮುದುಡಿಕೊಂಡು ಮಲಗಿದವರ ಚರ್ಮದ ರಕ್ತನಾಳಗಳೂ ಬಿಗಿಯಾಗುತ್ತವೆ. ನೋವಿನ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಕೊಡುವುದು ಬರೀ ಕರುಣೆಯ ಕೆಲಸವಲ್ಲ, ಗಾಯದ ಕೆಲಸವೂ ಹೌದು. ಇದು ನಮ್ಮ ಕೈಯಲ್ಲೇ, ವಾರ್ಡಿನವರ ಕೈಯಲ್ಲೇ ಇರುವುದು. ಫ್ಲೂಯಿಡ್ ಕಡಿಮೆಯಾದರೆ ರಕ್ತ ಸಾಲದು, ಅತಿಯಾದರೆ ಊತ.

ಆಂಟಿಬಯಾಟಿಕ್ ಸಮಯದ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧ. 1992ರ ಅಧ್ಯಯನ ಒಂದಿದೆ, 2,847 ಆಪರೇಷನ್‌ಗಳದ್ದು. ಕೊಯ್ಯುವುದಕ್ಕೆ ಮೊದಲಿನ ಎರಡು ಗಂಟೆಯೊಳಗೆ ಆಂಟಿಬಯಾಟಿಕ್ ಪಡೆದವರಲ್ಲಿ ಸೋಂಕು ಶೇ 0.6. ಅದಕ್ಕಿಂತ ಮೊದಲೇ ಪಡೆದವರಲ್ಲಿ ಶೇ 3.8. ಕೊಯ್ದು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಶೇ 3.3. ಔಷಧಿ ಒಂದೇ, ಗಡಿಯಾರ ಬೇರೆ. ಚಾಕು ಚರ್ಮಕ್ಕೆ ತಾಗುವ ಹೊತ್ತಿಗೆ ಔಷಧಿ ಅಲ್ಲಿ ಬಂದು ಕಾಯುತ್ತಿರಬೇಕು. 'ಕೊಟ್ಟಿದೆ' ಎಂಬ ಒಂದು ಪದದಿಂದ ನಮಗೆ ಏನೂ ತಿಳಿಯುವುದಿಲ್ಲ. ಆಪರೇಷನ್ ಉದ್ದವಾದರೆ, ಸೆಫಜೋಲಿನ್ ಎಂಬ ಆಂಟಿಬಯಾಟಿಕ್ ಆಗಿದ್ದರೆ ಸುಮಾರು ನಾಲ್ಕು ಗಂಟೆಗೆ, ಇನ್ನೊಂದು ಡೋಸ್ ಬೇಕು. ಮುಗಿದ ಮೇಲೆ ದಿನಗಟ್ಟಲೆ ಎಳೆಯುವುದರಿಂದ ಲಾಭವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆದರೂ ಐದು ದಿನದ ಇಂಜೆಕ್ಷನ್ ಬರೆದಿರುವ ಚಾರ್ಟ್‌ಗಳು ನನ್ನ ಟ್ರಾಲಿಯ ಮೇಲೆ ಎಷ್ಟೋ ಬಂದಿವೆ.

ಇನ್ನೊಂದು ಸಣ್ಣ ಕೆಲಸ ನನಗೆ ತುಂಬಾ ಇಷ್ಟವಾಯಿತು. ಹೊಟ್ಟೆಯ ಗಾಯವನ್ನು ಮುಚ್ಚುವ ಮೊದಲು ಇಡೀ ತಂಡ ಗ್ಲೌಸ್ ಬದಲಿಸಿ, ಹೊಸ ಶುದ್ಧ ಉಪಕರಣ ತೆಗೆದುಕೊಳ್ಳುವುದು. ಅಷ್ಟೇ. ಭಾರತವೂ ಸೇರಿ ಏಳು ದೇಶಗಳಲ್ಲಿ 13,301 ಜನರ ಮೇಲೆ ನೋಡಿ 2022ರಲ್ಲಿ ಪ್ರಕಟಿಸಿದರು. ಸೋಂಕು ನೂರಕ್ಕೆ 18.9ರಿಂದ 16ಕ್ಕೆ ಇಳಿದಿತ್ತು. ಕರುಳು ಮುಟ್ಟಿದ ಕೈಯಲ್ಲೇ ಚರ್ಮ ಹೊಲಿಯಬಾರದು ಎಂಬುದು ಯಾರಿಗಾದರೂ ಅರ್ಥವಾಗುವ ಮಾತು. ಅದನ್ನೂ ಅಷ್ಟು ಜನರ ಮೇಲೆ ಸಾಬೀತು ಮಾಡಿ ತೋರಿಸಬೇಕಾಯಿತು. ತೋರಿಸಿದರು. ಇನ್ನು ತಡ ಯಾಕೆ?

ಈಗ ನನ್ನ ಬೇಡಿಕೆ. ನಿಮ್ಮ ಹಾಳೆಯಲ್ಲಿ ಆಕ್ಸಿಜನ್ ಸಾಲು ಬೇಕಿದ್ದರೆ ಇರಲಿ, ಆದರೆ ಹೌದು ಅಥವಾ ಇಲ್ಲ ಎಂಬ ಟಿಕ್ ಬೇಡ. ಎಷ್ಟು ಕೊಟ್ಟಿರಿ, ಯಾಕೆ ಕೊಟ್ಟಿರಿ ಎಂದು ಬರೆಯಲು ಜಾಗ ಇರಲಿ. ಅದರ ಪಕ್ಕದಲ್ಲೇ ಮೂರು ಅಂಕಿ ಕಡ್ಡಾಯವಾಗಲಿ: ಆಂಟಿಬಯಾಟಿಕ್ ಕೊಟ್ಟ ಸಮಯ, ಕೊಯ್ದ ಸಮಯ, ಥಿಯೇಟರಿನಿಂದ ಹೊರಗೆ ಬಂದಾಗಿನ ಮೈ ಉಷ್ಣತೆ. ಇವು ಖಾಲಿ ಇದ್ದರೆ ವಾರ್ಡಿನ ನರ್ಸ್ ರೋಗಿಯನ್ನು ಒಳಗೆ ತೆಗೆದುಕೊಳ್ಳುವಾಗ ಕೇಳುವ ಹಕ್ಕು ಇರಲಿ. ಕೇಳಿದ್ದಕ್ಕೆ ಯಾರೂ ಸಿಟ್ಟಾಗದಿರಲಿ. ನಾನು ಒಂದು ಸಲ ಕೇಳಿದ್ದೆ. ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೊಂದು, ಎಣಿಸಿ. ಗಾಯದ ಸೋಂಕನ್ನು ಆಪರೇಷನ್ ಆದ 30 ದಿನದವರೆಗೆ ಲೆಕ್ಕ ಹಿಡಿಯಬೇಕು. ಒಳಗೆ ಕೃತಕ ಕೀಲಿನಂಥದ್ದು ಕೂರಿಸಿದ್ದರೆ 90 ದಿನದವರೆಗೆ. ನಾವು ಐದನೇ ದಿನ ಮನೆಗೆ ಕಳಿಸಿ, ಲೆಕ್ಕ ಅಲ್ಲಿಗೇ ನಿಲ್ಲಿಸಿದರೆ ನಮ್ಮ ರಿಜಿಸ್ಟರ್ ಚೆಂದ ಕಾಣುತ್ತದೆ, ಅಷ್ಟೇ. ಕೀವು ಅವರ ಮನೆಯಲ್ಲಿ ಬರುತ್ತದೆ. 2018ರಲ್ಲಿ 66 ದೇಶಗಳಲ್ಲಿ ಹೊಟ್ಟೆಯ ಆಪರೇಷನ್ ಆದ 12,539 ಜನರನ್ನು 30 ದಿನ ಹಿಂಬಾಲಿಸಿದ ಲೆಕ್ಕ ಬಂತು. ಮುಂದುವರಿದ ದೇಶಗಳಲ್ಲಿ ನೂರಕ್ಕೆ 9 ಜನರಿಗೆ, ಮಧ್ಯಮ ದೇಶಗಳಲ್ಲಿ 14 ಜನರಿಗೆ, ಹಿಂದುಳಿದ ದೇಶಗಳಲ್ಲಿ 23 ಜನರಿಗೆ ಗಾಯದ ಸೋಂಕು. ನಿಮ್ಮ ಆಸ್ಪತ್ರೆಯದ್ದು ಎಷ್ಟು? ಒಂದು ಫೋನ್ ಮಾಡಿ ವಿಚಾರಿಸಿದರೆ ತಿಳಿಯುತ್ತದೆ. ಫೋನ್ ಮಾಡಲು ನಾವಿದ್ದೇವೆ. ಹೊತ್ತು ಕೊಡಿ, ಅಷ್ಟು ಸಾಕು.

ಆಪರೇಷನ್‌ಗೆ ಹೋಗಲಿರುವವರೂ ಇದನ್ನು ಓದುತ್ತಿರಬಹುದು. ನಿಮಗೆ ಎರಡು ಮಾತು. ಸಿಗರೇಟ್ ಸೇದುವವರಾದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ, ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತದೆ. ಆಮೇಲೆ ಯಾವ ಮೆಷಿನ್ ಎಷ್ಟು ಕೊಟ್ಟರೂ ಗಾಯಕ್ಕೆ ಕಷ್ಟವೇ. ಕೊಯ್ಯುವ ಜಾಗವನ್ನು ಮನೆಯಲ್ಲಿ ರೇಜರಿನಿಂದ ಬೋಳಿಸಿಕೊಂಡು ಬರಬೇಡಿ, ಸಣ್ಣ ಗೀರುಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಚಳಿ ಆಗುತ್ತಿದ್ದರೆ ಬಾಯಿ ಬಿಟ್ಟು ಹೇಳಿ, ಹೊದಿಕೆ ಕೇಳಿ. ಅದು ಸೌಖ್ಯದ ಬೇಡಿಕೆಯಲ್ಲ, ಸಂಕೋಚ ಬೇಡ.

ಆ ಹೆಂಗಸಿನ ಗಾಯ ಮುಚ್ಚಲು ಏಳು ವಾರ ಹಿಡಿಯಿತು. ದಿನಾ ಡ್ರೆಸ್ಸಿಂಗ್. ಒಳಗಿನಿಂದ ಕೆಂಪು ಮಾಂಸ ನಿಧಾನಕ್ಕೆ ತುಂಬುತ್ತಾ ಬಂದಿದ್ದನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು. ಕೊನೆಕೊನೆಗೆ ಆಕೆಯೇ ಎಷ್ಟು ಆಳ ಉಳಿದಿದೆ ಎಂದು ಬೆರಳಲ್ಲಿ ತೋರಿಸಿ ಕೇಳುತ್ತಿದ್ದರು. ಆಗಿನಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಾನು ತೆರೆದ ಪ್ರತಿ ಕೆಟ್ಟ ಗಾಯಕ್ಕೂ ಒಂದು ಸಾಲು: ಯಾವ ಆಪರೇಷನ್, ಎಷ್ಟನೇ ದಿನ, ಉಷ್ಣತೆ ಬರೆದಿತ್ತೋ ಇಲ್ಲವೋ, ಆಂಟಿಬಯಾಟಿಕ್ ಎಷ್ಟು ಗಂಟೆಗೆ. ಹೆಸರು ಬರೆಯುವುದಿಲ್ಲ.

ನಿಮ್ಮ ಸಮಿತಿ ಮುಂದಿನ ಸಲ ಸೇರಿದಾಗ ಡ್ರೆಸ್ಸಿಂಗ್ ಮಾಡುವವರಲ್ಲಿ ಒಬ್ಬರನ್ನಾದರೂ ಕರೆದು ಕೂರಿಸಿಕೊಳ್ಳಿ. ನನ್ನನ್ನು ಕರೆದರೆ ನೈಟ್ ಡ್ಯೂಟಿ ಮುಗಿಸಿಯಾದರೂ ಬರುತ್ತೇನೆ. ನೋಟ್‌ಬುಕ್ ತರುತ್ತೇನೆ.

ಇತಿ ನಿಮ್ಮ,
ಸರ್ಜರಿ ವಾರ್ಡಿನ ಒಬ್ಬ ನರ್ಸ್